ಶೇಂಗಾ ಚೀಲದ ಲೆಕ್ಕ

ಹನ್ನೊಂದು ವರ್ಷ ನಮ್ಮ ಮನೆಯಲ್ಲಿ ಶೇಂಗಾ ಕೊಂಡು ತಂದದ್ದಿಲ್ಲ. ಹೆಸರುಕಾಳು, ಉಳ್ಳಾಗಡ್ಡಿ, ಹಸಿಕಡಲೆ, ಸುಗ್ಗಿಯ ದಿನಗಳಲ್ಲಿ ಸೀತನಿ ತೆನೆ, ಇವನ್ನೂ ಕೊಂಡದ್ದು ಕಡಿಮೆಯೇ. 1997ರಿಂದ 2008ರವರೆಗೆ ನಮ್ಮ ಮನೆಯವರು ಗದಗ ಸೀಮೆಯ ಒಂದು ಊರಿನ ಬ್ಯಾಂಕ್ ಶಾಖೆಯಲ್ಲಿ ಕೃಷಿ ಸಾಲ ನೋಡಿಕೊಳ್ಳುವ ಫೀಲ್ಡ್ ಆಫೀಸರ್ ಆಗಿದ್ದರು. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಟೀಚರು. ಭಾದ್ರಪದ ಕಳೆಯುತ್ತಿದ್ದಂತೆ ನಮ್ಮ ಪಡಸಾಲೆಯಲ್ಲಿ ಚೀಲಗಳು ಬಂದು ಕೂರುತ್ತಿದ್ದವು. ತಂದವರು ಒಳಗೂ ಬರುತ್ತಿರಲಿಲ್ಲ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತು, "ಮಕ್ಕಳು ತಿಂತಾವ, ಇರ್ಲಿ ತಗೋರಿ ಅಕ್ಕಾರ" ಎಂದು ಹೇಳಿ ಹೋಗುತ್ತಿದ್ದರು. ನಾನು ಚಹಾ ಕೊಟ್ಟು ಕಳಿಸುತ್ತಿದ್ದೆ. ಚಹಾ ಕೊಟ್ಟೆನಲ್ಲ, ಲೆಕ್ಕ ಚುಕ್ತಾ ಆಯಿತು ಎಂದು ನನ್ನ ಮನಸ್ಸು ಹೇಳುತ್ತಿತ್ತು.

ಅದನ್ನು ನಾವು "ಹಳ್ಳಿಯವರ ಪ್ರೀತಿ" ಎಂದು ಕರೆಯುತ್ತಿದ್ದೆವು. ಹುರಿದ ಶೇಂಗಾ ಸ್ಟಾಫ್ ರೂಮಿಗೆ ಒಯ್ದು ಹಂಚುವಾಗ ನಾನೇ ಆ ಮಾತನ್ನು ಎಷ್ಟೋ ಸಲ ಆಡಿದ್ದೇನೆ. ಇಂದು ಸಣ್ಣ ರೈತರ ಸಾಲದ ಬಗ್ಗೆ, ಬ್ಯಾಂಕುಗಳ ಬಗ್ಗೆ ನಾಲ್ಕು ಕಟುವಾದ ಮಾತು ಬರೆಯಬೇಕೆಂದು ಕುಳಿತಿದ್ದೇನೆ. ಹಾಗೆ ಬರೆಯುವ ಮೊದಲು ನಾನು ತಿಂದ ಶೇಂಗಾದ ವಿಷಯ ಹೇಳದಿದ್ದರೆ, ಓದುಗ ಗೆಳತಿಯರೇ, ಆ ಮಾತುಗಳಿಗೆ ಬೆಲೆ ಇರುವುದಿಲ್ಲ.

ನನ್ನ ಕಣ್ಣು ತೆರೆಸಿದ್ದು ನನ್ನ ವೈನಿಯ ಕೈ. 2018ರಲ್ಲಿ ನನ್ನ ಮಗಳ ಮದುವೆಗೆ ಅಣ್ಣ-ವೈನಿ ನಾಲ್ಕು ದಿನ ಮೊದಲೇ ಬಂದರು. ವೈನಿಯ ಕೈಯಲ್ಲಿ ಹಸಿರು ಗಾಜಿನ ಬಳೆ ಮಾತ್ರ ಇದ್ದವು. ಅವಳು ಮದುವೆಯಾಗಿ ಬಂದಾಗಿನಿಂದ ಕೈಯಲ್ಲಿದ್ದ ಬಂಗಾರದ ಬಿಲ್ವಾರ ಇರಲಿಲ್ಲ. ಹೆಂಗಸರ ಕಣ್ಣಿಗೆ ಇಂಥದು ತಪ್ಪುವುದಿಲ್ಲ. ಕೇಳಿದರೆ ಮೊದಲು "ಊರಾಗ ಬಿಟ್ಟು ಬಂದೇನಿ" ಅಂದಳು. ರಾತ್ರಿ ಅಡಿಗೆಮನೆಯಲ್ಲಿ ಇಬ್ಬರೇ ಕೂತು ಉಂಡಿ ಕಟ್ಟುವಾಗ ನಿಜ ಹೇಳಿದಳು. 2016ರಲ್ಲಿ ಬೆಳೆಸಾಲ ತೆಗೆಯುವ ಮುಂದೆ ಬಿಲ್ವಾರ ಅಡವಿಟ್ಟದ್ದು, ಆ ವರ್ಷ ಮಳೆ ಕೈಕೊಟ್ಟು ಬಿಡಿಸಿಕೊಳ್ಳಲಾಗದೆ ಹೋದದ್ದು.

ನನಗೆ ಅರ್ಥವಾಗಲಿಲ್ಲ. ಸಾಲ ಮಂಜೂರಾಯಿತಲ್ಲ, ಮತ್ತೆ ಬಂಗಾರ ಯಾಕೆ ಅಡವಿಡಬೇಕು? ವೈನಿ ನನ್ನನ್ನು ಕನ್ನಡ ಶಾಲೆಯ ಒಂದನೆಯ ಇಯತ್ತೆಯ ಹುಡುಗಿಯನ್ನು ನೋಡುವ ಹಾಗೆ ನೋಡಿದಳು. "ಲಂಚ ಕೊಡಾಕ ಬ್ಯಾಂಕಿನವ್ರು ಸಾಲ ಕೊಡ್ತಾರೇನ ತಂಗೀ? ಅದಕ್ಕ ಬಂಗಾರನ ಬೇಕು."

ನನ್ನ ಅಣ್ಣನಿಗೆ ಮೂರೂವರೆ ಎಕರೆ ಹೊಲ. ಎರಡು ಎಕರೆ ಎರಿ, ಒಂದೂವರೆ ಮಸಾರಿ. ಐದು ಎಕರೆಯ ಒಳಗಿನವನು ಸರ್ಕಾರದ ಲೆಕ್ಕದಲ್ಲಿ ಸಣ್ಣ ರೈತ, ಎರಡೂವರೆ ಎಕರೆಯ ಒಳಗಿನವನು ಅತಿಸಣ್ಣ ರೈತ. 2015-16ರ ಕೃಷಿ ಗಣತಿಯ ಪ್ರಕಾರ ನಮ್ಮ ದೇಶದ ಹಿಡುವಳಿಗಳಲ್ಲಿ ನೂರಕ್ಕೆ 86 ಇಂಥವೇ. ಅಂದರೆ "ಸಣ್ಣ ರೈತ" ಎಂಬುದು ರೈತರಲ್ಲಿ ಒಂದು ಮೂಲೆಯ ಜಾತಿಯಲ್ಲ. ನಮ್ಮ ರೈತ ಎಂದರೆ ಅವನೇ. ಅಣ್ಣನಿಗೆ ಮಂಜೂರಾದ ಸಾಲ 60,000 ರೂಪಾಯಿ. ಅವನು ತನ್ನ ತಂಗಿಯ ಗಂಡ ಬ್ಯಾಂಕಿನಲ್ಲಿದ್ದಾನೆಂದು ಎಲ್ಲೂ ಹೇಳಿಕೊಳ್ಳಲಿಲ್ಲ. ಅದು ಅವನ ಮರ್ಯಾದೆ. ಆ ಮರ್ಯಾದೆಗೆ ಬಿದ್ದ ಖರ್ಚನ್ನು ನಾನು ಆ ರಾತ್ರಿಯೇ ಮಗಳ ಮದುವೆಯ ಖರ್ಚಿನ ವಹಿಯ ಹಿಂದಿನ ಹಾಳೆಯಲ್ಲಿ ಬರೆದೆ.

ಬ್ಯಾಂಕಿನ ಎದುರಿನ ಚಹಾದಂಗಡಿಯಲ್ಲಿ ಕೂರುವ ಏಜಂಟನಿಗೆ ನೂರಕ್ಕೆ ಹತ್ತರಂತೆ 6,000. "ಸಾಹೇಬರಿಗೆ, ಮ್ಯಾಲಿನವರಿಗೆ, ಕಾಗದಕ್ಕ, ಎಲ್ಲಾ ಕೂಡಿ" ಎಂದನಂತೆ. ಒಳಗೆ ಯಾರಿಗೆ ಎಷ್ಟು ಮುಟ್ಟಿತೋ, ಪೂರ್ತಿ ಅವನೇ ನುಂಗಿದನೋ, ಅಣ್ಣನಿಗೆ ಗೊತ್ತಿಲ್ಲ. ಅವನಿಗೆ ಗೊತ್ತಿದ್ದದ್ದು ಇಷ್ಟೇ: ಏಜಂಟನಿಲ್ಲದೆ ಹೋದಾಗ ನಾಲ್ಕು ಸಲ ತಿರುಗಿ ಬಂದಿದ್ದ ಅರ್ಜಿ, ಏಜಂಟನ ಕೈಯಲ್ಲಿ ಒಂದೇ ಸಲಕ್ಕೆ ಒಳಗೆ ಹೋಯಿತು. ವಕೀಲರ ಅಭಿಪ್ರಾಯದ ಕಾಗದಕ್ಕೆ 1,500. ಒಂಬತ್ತು ಸಲ ತಾಲೂಕು ಊರಿಗೆ ಬಂದುಹೋದ ಬಸ್ಸಿನ ಚಾರ್ಜು, ಮುರಿದ ಕೂಲಿ ಸೇರಿ ದಿನಕ್ಕೆ 300ರಂತೆ 2,700. ಒಟ್ಟು 10,200. ಇದಕ್ಕೆ ವರ್ಷದ ಬಡ್ಡಿ ಕೂಡಿಸೋಣ. ವೇಳೆಗೆ ಸರಿಯಾಗಿ ಕಟ್ಟಿದರೆ ನೂರಕ್ಕೆ 4, ಅಂದರೆ 2,400. ಎಲ್ಲ ಸೇರಿ 12,600 ರೂಪಾಯಿ. ಖರ್ಚು ಕಳೆದು ಅಣ್ಣನ ಕೈಯಲ್ಲಿ ನಿಜವಾಗಿ ಉಳಿದದ್ದು 49,800. ಹತ್ತನೆಯ ತರಗತಿಯ ಮಕ್ಕಳಿಗೆ ಈ ಲೆಕ್ಕ ಕೊಟ್ಟರೆ ಬಡ್ಡಿಯ ದರ ನೂರಕ್ಕೆ 25 ಎಂದು ಉತ್ತರ ಬರೆಯುತ್ತಾರೆ.

ನಮ್ಮ ಊರಿನ ಸಾಹುಕಾರ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಹಾಕುತ್ತಾನೆ. ವರ್ಷಕ್ಕೆ 24. ಸಾಹುಕಾರನೇ ಅಗ್ಗವಾದ!

ಸರ್ಕಾರ ರೈತನಿಗಾಗಿ ಬಡ್ಡಿ ಇಳಿಸುತ್ತದೆ. ಆ ಇಳಿಕೆಯ ದುಡ್ಡನ್ನು ನಮ್ಮ ನಿಮ್ಮ ತೆರಿಗೆಯಿಂದ ಬ್ಯಾಂಕಿಗೆ ತುಂಬಿಕೊಡುತ್ತದೆ. ಎಲ್ಲಿ ಸಾಮಾನು ಅಗ್ಗವಾಗಿ, ಕೊಡುವ ಕಿಟಕಿ ಒಂದೇ ಆಗಿ, ಕೇಳುವವರು ನೂರಾರು ಜನರಾಗಿ, ಕೊಟ್ಟದ್ದಕ್ಕೆ ಬಿಟ್ಟದ್ದಕ್ಕೆ ಚೀಟಿ ಇಲ್ಲವೋ ಅಲ್ಲಿ ಕಿಟಕಿಯ ಮುಂದೆ ಒಬ್ಬ ಏಜಂಟ ಹುಟ್ಟುತ್ತಾನೆ. ಬಡ್ಡಿ ಇಳಿದಷ್ಟೂ ಅವನು ಕೇಳುವ ರೇಟು ಏರುತ್ತದೆ, ಯಾಕೆಂದರೆ ಸಾಹುಕಾರನ ಬಡ್ಡಿಗೂ ಬ್ಯಾಂಕಿನ ಬಡ್ಡಿಗೂ ನಡುವಿನ ಅಂತರವೇ ಅವನ ಹೊಲ. ಆ ಹೊಲಕ್ಕೆ ಮಳೆ ಬೇಕಿಲ್ಲ, ಬೀಜ ಬೇಕಿಲ್ಲ. ಸರ್ಕಾರ ರೈತನಿಗೆಂದು ಬಿಟ್ಟ ನೀರು ಅಲ್ಲಿಗೇ ಹರಿಯುತ್ತದೆ.

ಮದುವೆಯ ಗಲಾಟೆ ಮುಗಿದ ಮೇಲೆ ನಾನು ಇದನ್ನೆಲ್ಲ ನಮ್ಮ ಮನೆಯವರ ಮುಂದಿಟ್ಟೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನಾನೇನು ರೊಕ್ಕಾ ಮುಟ್ಟೇನೇನು? ಕೊಟ್ಟಿದ್ದು ಇಸಗೊಂಡೇವಿ. ನೀನೂ ಹುರಿದು ಶಾಲಿಗೆ ಒಯ್ದು ಹಂಚಿದಿ." ನಾನು ಎದ್ದು ಒಳಗೆ ಹೋದೆ. ಉತ್ತರ ಇದ್ದರಲ್ಲವೆ ಕೊಡುವುದು?

ಅವರ ಪರವಾಗಿಯೂ ಒಂದು ಮಾತು ಹೇಳಬೇಕು, ನ್ಯಾಯ ನ್ಯಾಯವೇ. ಅವರು ಒಬ್ಬರೇ ಇದ್ದರು, ಹಳ್ಳಿಗಳು ಇಪ್ಪತ್ತಕ್ಕೂ ಹೆಚ್ಚು. ಮಾರ್ಚ್ ಬಂತೆಂದರೆ ಮೇಲಿನಿಂದ ಟಾರ್ಗೆಟ್ಟಿನ ಫೋನು, ಜೂನ್ ಬಂತೆಂದರೆ ಬಾಗಿಲ ಮುಂದೆ ನೂರಾರು ಜನ. ನಿಯತ್ತಿನಿಂದ ದುಡಿದವರನ್ನೂ ನಾನು ನೋಡಿದ್ದೇನೆ. ಒಬ್ಬ ಕಿರಿಯ ಮ್ಯಾನೇಜರ್ ತಾನೇ ಚಾವಡಿಗೆ ಹೋಗಿ ಕೂತು, ಅಲ್ಲೇ ಅರ್ಜಿ ತುಂಬಿಸಿಕೊಂಡು ಹತ್ತು ದಿನದಲ್ಲಿ ಸಾಲ ಕೊಟ್ಟಿದ್ದ. ಅವನಿಗೆ ಎರಡೇ ವರ್ಷದಲ್ಲಿ ವರ್ಗವಾಯಿತು, ಚಹಾದಂಗಡಿಯವನು ಮತ್ತೆ ಬಂದು ಕೂತ. ಆದ್ದರಿಂದ ಒಳ್ಳೆಯವರು ಸಿಗಲಿ ಎಂದು ಹರಕೆ ಹೊರುವುದರಿಂದ ಈ ರೋಗ ಹೋಗುವುದಿಲ್ಲ. ಕೆಟ್ಟವನು ಬಂದು ಕೂತರೂ ಕೆಡಿಸಲಾಗದಂತೆ ಆ ಕಿಟಕಿಯನ್ನು ಕಟ್ಟಬೇಕು.

ಈ ಬ್ಯಾಂಕುಗಳನ್ನು ಕಟ್ಟಿದ್ದಾದರೂ ಯಾತಕ್ಕೆ? ನಮ್ಮ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಸಾಹುಕಾರನ ಹೊಸ್ತಿಲು ತುಳಿಯದೆ ಊರಿನವರು ಊರಿನವರಿಗೇ ಸಾಲ ಕೊಟ್ಟುಕೊಳ್ಳಲಿ ಎಂಬುದು ಅದರ ಉದ್ದೇಶ. ಹತ್ತಿರದಲ್ಲೇ ಇದ್ದರೂ ನಾನು ಮಕ್ಕಳನ್ನು ಕರೆದುಕೊಂಡು ಆ ಊರಿಗೆ ಹೋದದ್ದು ನೌಕರಿ ಸೇರಿ ಇಪ್ಪತ್ತು ವರ್ಷವಾದ ಮೇಲೆ. 1951-52ರಲ್ಲಿ ಇಡೀ ದೇಶದ ಗ್ರಾಮೀಣ ಸಾಲದ ಸಮೀಕ್ಷೆ ನಡೆದಾಗ ರೈತರ ಸಾಲದಲ್ಲಿ ನೂರಕ್ಕೆ ಸುಮಾರು 70 ಪಾಲು ಲೇವಾದೇವಿಗಾರರದೇ ಆಗಿತ್ತು. ಸಹಕಾರಿ ಸಂಘಗಳದ್ದು ನೂರಕ್ಕೆ ಮೂರು, ಬ್ಯಾಂಕುಗಳದ್ದು ನೂರಕ್ಕೆ ಒಂದೂ ಇರಲಿಲ್ಲ. ಇದನ್ನು ತಿದ್ದಲೆಂದು 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು, 1975ರಲ್ಲಿ ಗ್ರಾಮೀಣ ಬ್ಯಾಂಕುಗಳು ಬಂದವು, 1982ರಲ್ಲಿ ನಬಾರ್ಡ್ ಬಂತು, 1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಬಂತು. ಇದರಿಂದ ಒಳ್ಳೆಯದಾಗಲಿಲ್ಲ ಎಂದು ಹೇಳಿದರೆ ನಾಲಿಗೆ ಬಿದ್ದೀತು. 2019ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಕೃಷಿ ಕುಟುಂಬಗಳ ಸಾಲದಲ್ಲಿ ನೂರಕ್ಕೆ ಸುಮಾರು 70 ಪಾಲು ಬ್ಯಾಂಕು, ಸೊಸೈಟಿಗಳಂಥ ಸಂಸ್ಥೆಗಳದ್ದು. ಲೆಕ್ಕ ತಿರುಗುಮುರುಗಾಗಿದೆ. ಆದರೆ ಅದೇ ಸಮೀಕ್ಷೆ ಕೃಷಿ ಕುಟುಂಬಗಳಲ್ಲಿ ಅರ್ಧದಷ್ಟು ಸಾಲದಲ್ಲಿವೆ, ಸರಾಸರಿ ಸಾಲ ಕುಟುಂಬಕ್ಕೆ 74,121 ರೂಪಾಯಿ ಎಂದೂ ಹೇಳಿತು. ಮತ್ತು ಏಜಂಟನಿಗೆ ಕೊಟ್ಟದ್ದು ಈ ಯಾವ ಸಮೀಕ್ಷೆಯ ಕಾಲಮ್ಮಿನಲ್ಲೂ ಬರುವುದಿಲ್ಲ.

ಇನ್ನೊಂದು ಮೋಸ ಶಬ್ದದಲ್ಲೇ ನಡೆದಿದೆ. ಬ್ಯಾಂಕುಗಳು ತಾವು ಕೊಡುವ ಸಾಲದಲ್ಲಿ ನೂರಕ್ಕೆ 18ರಷ್ಟನ್ನು ಕೃಷಿಗೆ ಕೊಡಬೇಕೆಂಬ ನಿಯಮವಿದೆ. ಕೇಳಿದರೆ ಹೊಟ್ಟೆ ತಣ್ಣಗಾಗುತ್ತದೆ. ಆದರೆ 1990ರ ದಶಕದಿಂದೀಚೆಗೆ "ಕೃಷಿ ಸಾಲ" ಎಂಬ ಶಬ್ದದ ಹೊಟ್ಟೆ ದೊಡ್ಡದಾಗುತ್ತಾ ಬಂತು. 2015ರ ನಿಯಮಗಳ ಪ್ರಕಾರ ಗೋದಾಮು, ಶೀತಲಗೃಹ, ಆಹಾರ ಸಂಸ್ಕರಣೆಯ ಕಾರ್ಖಾನೆ ಇವುಗಳಿಗೆ ಒಬ್ಬ ಸಾಲಗಾರನಿಗೆ 100 ಕೋಟಿ ರೂಪಾಯಿಯವರೆಗೆ ಕೊಟ್ಟದ್ದೂ ಕೃಷಿಯ ಲೆಕ್ಕಕ್ಕೇ ಜಮೆ. ಗೋದಾಮು ಹಳ್ಳಿಯಲ್ಲೇ ಇರಬೇಕೆಂದೂ ಇಲ್ಲ. ಗೋದಾಮು ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಹವಾನಿಯಂತ್ರಿತ ಕೋಣೆಯಲ್ಲಿ ಒಂದು ಸಹಿ ಹಾಕಿಸಿಕೊಂಡು 100 ಕೋಟಿಯ ಗುರಿ ಮುಟ್ಟಬಹುದಾದರೆ, ಧೂಳಿನಲ್ಲಿ ತಿರುಗಿ 60,000ದ ಸಾಲಗಳನ್ನು ಒಂದೊಂದಾಗಿ ಕೊಡುವ ಕಷ್ಟ ಯಾವ ಅಧಿಕಾರಿಗೆ ಬೇಕು? 1990ರಲ್ಲಿ ಬ್ಯಾಂಕುಗಳು ರೈತರಿಗೆ ನೇರವಾಗಿ ಕೊಟ್ಟ ಸಾಲದ ಮೊತ್ತದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು 2 ಲಕ್ಷದೊಳಗಿನ ಸಣ್ಣ ಸಾಲಗಳದ್ದಾಗಿತ್ತು. 2011ರ ಹೊತ್ತಿಗೆ ಅದು ಅರ್ಧಕ್ಕಿಂತ ಕೆಳಗಿಳಿಯಿತು. ನಡುವೆ ರೂಪಾಯಿಯ ಬೆಲೆ ಇಳಿದದ್ದೂ ಇದಕ್ಕೊಂದು ಕಾರಣ ಎನ್ನಿ. ಅದನ್ನು ಒಪ್ಪಿದರೂ ಇಳಿಜಾರು ಇಳಿಜಾರೇ. ಸಣ್ಣ ಮತ್ತು ಅತಿಸಣ್ಣ ರೈತರಿಗೆಂದೇ ಬೇರೆ ಗುರಿ ಇಡಬೇಕಾಯಿತು. ಮೊದಲು ನೂರಕ್ಕೆ 8, 2023-24ರ ಹೊತ್ತಿಗೆ ನೂರಕ್ಕೆ 10. ಹಾಗೆ ಬೇರೆ ಗುರಿ ಇಡಬೇಕಾಯಿತು ಎಂಬುದೇ, ಮೊದಲಿನ ಗುರಿಯ ದುಡ್ಡು ಅವರನ್ನು ಮುಟ್ಟುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ.

ಈಗ ನನ್ನ ಸ್ಟಾಫ್ ರೂಮಿಗೆ ಬರೋಣ. ಶೇಂಗಾ ಹಂಚಿದ ಅದೇ ಟೇಬಲ್ಲು. "ಸಾಲ ಮನ್ನಾ ಮಾಡಿ ಮಾಡಿ ಈ ರೈತರನ್ನ ಕೆಡಿಸಿಬಿಟ್ರು ನೋಡ್ರಿ, ನಮ್ಮ ಮನಿ ಸಾಲ ಯಾರು ಮನ್ನಾ ಮಾಡ್ತಾರ?" ಎಂದು ಪ್ರತಿ ಬಜೆಟ್ಟಿಗೆ ಒಮ್ಮೆ ಯಾರಾದರೂ ಹೇಳುತ್ತಾರೆ. ನೀವೂ ಹೇಳಿರಬಹುದು, ನಾನೂ ಒಂದು ಕಾಲಕ್ಕೆ ಹೇಳಿದವಳೇ. ಆ ಮಾತನ್ನು ಸ್ವಲ್ಪ ತೂಗಿ ನೋಡೋಣ.

2008ರ ಕೇಂದ್ರದ ಸಾಲಮನ್ನಾವನ್ನು ಮಹಾಲೇಖಪಾಲರು ಪರಿಶೀಲಿಸಿದರು. ಅವರ ವರದಿ 2013ರಲ್ಲಿ ಬಂತು. ಪರೀಕ್ಷಿಸಿದ ಖಾತೆಗಳಲ್ಲಿ ಐದರಲ್ಲೊಂದಕ್ಕಿಂತ ಹೆಚ್ಚಿನವುಗಳಲ್ಲಿ ಲೋಪ ಕಂಡಿತು. ಅರ್ಹರಲ್ಲದವರಿಗೆ ಮನ್ನಾ ಆಗಿತ್ತು, ಅರ್ಹರು ಹೊರಗುಳಿದಿದ್ದರು, ದಾಖಲೆಗಳನ್ನು ತಿದ್ದಿದ್ದೂ ಇತ್ತು. ತಿದ್ದಿದವನು ರೈತನಲ್ಲ, ಪೆನ್ನು ಅವನ ಕೈಯಲ್ಲಿರಲಿಲ್ಲ. 2018ರಲ್ಲಿ ನಮ್ಮ ರಾಜ್ಯದಲ್ಲಿ ಎರಡು ಲಕ್ಷದವರೆಗೆ ಮನ್ನಾ ಎಂದು ಘೋಷಣೆಯಾದಾಗ ರೇಷನ್ ಕಾರ್ಡು, ಆಧಾರ್ ಕಾರ್ಡು, ಉತಾರ ಮೂರೂ ತಾಳೆಯಾಗಬೇಕಿತ್ತು. ಪಹಣಿಗೆ ನಮ್ಮ ಕಡೆ ಉತಾರ ಅನ್ನುತ್ತೇವೆ. ನಮ್ಮ ಊರುಗಳಲ್ಲಿ ಒಬ್ಬನೇ ಮನುಷ್ಯ ಒಂದರಲ್ಲಿ ಬಸಪ್ಪ, ಇನ್ನೊಂದರಲ್ಲಿ ಬಸವರಾಜ, ಮೂರನೆಯದರಲ್ಲಿ ತೀರಿಹೋದ ಅಪ್ಪನ ಹೆಸರು. ಆ ಹೆಸರು ತಿದ್ದಿಸಲು ಮತ್ತೆ ಬೇರೊಂದು ಕಿಟಕಿ, ಅದರ ಮುಂದೆ ಬೇರೊಬ್ಬ ಏಜಂಟ. ಇನ್ನು ಸಾಹುಕಾರನ ಹತ್ತಿರ ಕೈಗಡ ತಂದವನ ಸಾಲ ಈ ಬ್ಯಾಂಕ್ ಸಾಲದ ಮನ್ನಾಗಳಲ್ಲಿ ಸೇರುವುದಿಲ್ಲ. ಅಂದರೆ ಇಂಥ ಮನ್ನಾ ಬ್ಯಾಂಕಿನ ಬಾಗಿಲನ್ನೇ ದಾಟಲಾರದ ಅತಿ ಬಡವನಿಗೆ ಸಿಗುವುದೇ ಇಲ್ಲ.

ಸಾಲಮನ್ನಾ ಶಾಶ್ವತ ಮದ್ದು ಎಂದು ನಾನೂ ಒಪ್ಪುವುದಿಲ್ಲ. ಅದು ಜ್ವರದ ಗುಳಿಗೆ. ಆದರೆ ರೈತನ ಗುಳಿಗೆಗೆ ಹುಬ್ಬು ಗಂಟಿಕ್ಕುವವರು ಇದನ್ನೂ ಕೇಳಬೇಕು. 2014-15ರಿಂದ ಒಂಬತ್ತು ವರ್ಷಗಳಲ್ಲಿ ನಮ್ಮ ಬ್ಯಾಂಕುಗಳು ಸುಮಾರು 14.56 ಲಕ್ಷ ಕೋಟಿ ರೂಪಾಯಿ ಸಾಲವನ್ನು ತಮ್ಮ ಪುಸ್ತಕದಿಂದ ಹೊಡೆದುಹಾಕಿದವು ಎಂದು ಸರ್ಕಾರವೇ 2023ರಲ್ಲಿ ಸಂಸತ್ತಿಗೆ ತಿಳಿಸಿತು. ಅದರಲ್ಲಿ ಅರ್ಧಕ್ಕೂ ಹೆಚ್ಚು, 7.4 ಲಕ್ಷ ಕೋಟಿ, ದೊಡ್ಡ ಉದ್ಯಮ ಮತ್ತು ಸೇವಾ ವಲಯದ್ದು. "ಅದು ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ" ಎಂದು ಬ್ಯಾಂಕಿನವರು ಹೇಳುತ್ತಾರೆ. ಕಾಗದದ ಮೇಲೆ ಅದು ನಿಜ. ಆದರೆ ಅಂಥವರ ಮನೆಯ ಮುಂದೆ ಜೀಪು ನಿಲ್ಲಿಸಿ, ಹೆಂಡತಿಯ ಎದುರಿಗೆ ಗಟ್ಟಿ ದನಿಯಲ್ಲಿ ಸಾಲ ಕೇಳಿದ್ದನ್ನು ನೀವು ಕಂಡಿದ್ದೀರಾ? ಸಣ್ಣ ರೈತನ ಮನೆಯ ಮುಂದೆ ನಾನು ಕಂಡಿದ್ದೇನೆ. ಅಂಥ ಜೀಪುಗಳು ಬಾಗಿಲು, ಪಾತ್ರೆ, ಎತ್ತು ಹೊತ್ತೊಯ್ಯುತ್ತಿದ್ದ ಕಾಲವೂ ಇತ್ತು. 1980ರಲ್ಲಿ ಹುಟ್ಟಿದ ರೈತಸಂಘ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕಾಲದಲ್ಲಿ, ಹಾಗೆ ಜಪ್ತಿಯಾದದ್ದನ್ನು ಮರುಜಪ್ತಿ ಮಾಡಿ ತಂದದ್ದು ನನ್ನ ವಯಸ್ಸಿನವರಿಗೆ ನೆನಪಿದೆ. ಎತ್ತು ಹೊಡೆದುಕೊಂಡು ಹೋಗುವುದು ನಿಂತಿರಬಹುದು, ಕೈ ಹಾಕುವುದು ನಿಂತಿಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಮರುವರ್ಷ ಬರಪರಿಹಾರದ ಹಣ ಖಾತೆಗೆ ಬಿದ್ದಾಗ ಅದನ್ನೂ ಕೆಲವೆಡೆ ಬ್ಯಾಂಕುಗಳು ಹಳೆಯ ಸಾಲಕ್ಕೆ ಜಮೆ ಮಾಡಿಕೊಂಡವು. ಹಾಗೆ ಮಾಡಬೇಡಿ ಎಂದು ಸರ್ಕಾರ ಹೇಳಬೇಕಾಯಿತು.

ಈ ಎಲ್ಲದರ ಕೊನೆಯ ಭಾರ ಬೀಳುವುದು ಹೆಂಗಸಿನ ಮೇಲೆ. ಹೊಲದಲ್ಲಿ ಕಳೆ ತೆಗೆಯುವವಳು, ಶೇಂಗಾ ಕಿತ್ತು ಬಿಡಿಸುವವಳು ಅವಳು. ಉತಾರದಲ್ಲಿ ಅವಳ ಹೆಸರಿಲ್ಲ. 2015-16ರ ಗಣತಿಯ ಪ್ರಕಾರ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ 14 ಮಾತ್ರ. ನಮ್ಮ ರಾಜ್ಯ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿನ ಕಾನೂನು ಮಾಡಿತು. ನಾನು ಮಾತ್ರ ನನ್ನ ಪಾಲಿನ ಹಕ್ಕನ್ನು ಅಣ್ಣನಿಗೆ ಬಿಟ್ಟುಕೊಟ್ಟು ಸಹಿ ಮಾಡಿದೆ. ನಾನು ಬಿಟ್ಟದ್ದು ವೈನಿಯ ಹೆಸರಿಗೇನೂ ಹೋಗಲಿಲ್ಲ. ಉತಾರವಿಲ್ಲದವಳಿಗೆ ಬೆಳೆಸಾಲವಿಲ್ಲ. ಬೇಕೆಂದರೆ ಮೈಮೇಲಿನ ಬಂಗಾರದ ಮೇಲೆ ಸಾಲ, ಇಲ್ಲವಾದರೆ ಮೈಕ್ರೋ ಫೈನಾನ್ಸಿನ ವಾರದ ಕಂತು.

ಮಾರ್ಚ್ ತಿಂಗಳಲ್ಲಿ ನಮ್ಮ ಹಳ್ಳಿಗಳಲ್ಲಿ ನಡೆಯುವ ಒಂದು ವಿಚಿತ್ರ ನಿಮಗೆ ಗೊತ್ತಿರಲಿಕ್ಕಿಲ್ಲ. ಅಗ್ಗದ ಬಡ್ಡಿಯ ಲಾಭ ಸಿಗಬೇಕಾದರೆ ಹಳೆಯ ಸಾಲವನ್ನು ವೇಳೆಗೆ ಪೂರ್ತಿ ಕಟ್ಟಬೇಕು, ಆಮೇಲೆ ಅದನ್ನೇ ಮತ್ತೆ ಹೊಸ ಸಾಲವಾಗಿ ಎತ್ತಬೇಕು. ಇದಕ್ಕೆ ರಿನೀವಲ್ ಎನ್ನುತ್ತಾರೆ. ಕಟ್ಟುವುದಕ್ಕೂ ಎತ್ತುವುದಕ್ಕೂ ನಡುವಿನ ಎಂಟು ದಿನಕ್ಕೆ 60,000 ರೂಪಾಯಿ ಎಲ್ಲಿಂದ ಬರಬೇಕು? ಸಾಹುಕಾರನ ಎಂಟು ದಿನದ ಕೈಗಡ, ಅದಕ್ಕೆ ಅವನು ಕೇಳಿದ್ದೇ ಬಡ್ಡಿ. ಹೊಸ ಸಾಲ ಎಂಟು ದಿನದ ಬದಲು ಎಂಟು ವಾರ ತಡವಾದರೆ ಗೋವಿಂದ! ಆ ತಡವನ್ನು ತಪ್ಪಿಸಲು ಮತ್ತೆ ಏಜಂಟ. ಸೊಸೈಟಿಯ ಬಡ್ಡಿಯಿಲ್ಲದ ಸಾಲದ ಮಿತಿಯನ್ನು 2023ರ ರಾಜ್ಯ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಸಂತೋಷ. ಆದರೆ ಮಿತಿ ಏರಿದರೆ ಮೂರೂವರೆ ಎಕರೆಯವನ ಸಾಲ ಏರುವುದಿಲ್ಲ. ಸೊಸೈಟಿಯ ಮಂಡಳಿಯಲ್ಲಿ ನೆಂಟರಿದ್ದವನ ಸಾಲ ಏರುತ್ತದೆ. ವೈನಿ ಒಂದು ಮಾರ್ಚಿನಲ್ಲಿ ಈ ಎಂಟು ದಿನದ ಗುಂಡಿ ತುಂಬಲು ಮೈಕ್ರೋ ಫೈನಾನ್ಸಿನಿಂದ ತನ್ನ ಹೆಸರಿನಲ್ಲಿ ಸಾಲ ಎತ್ತಿದಳು. ಗುಂಡಿ ಎಂಟು ದಿನದ್ದು, ಕಂತು ಎರಡು ವರ್ಷದ್ದು. ಇಂಥ ಕಂಪನಿಗಳ ವಸೂಲಿಯ ಕಿರುಕುಳ ತಾಳದೆ ಜನ ಊರು ಬಿಟ್ಟು ಹೋದ, ಜೀವ ಕಳೆದುಕೊಂಡ ಸುದ್ದಿ ಬಂದ ಮೇಲೆ ನಮ್ಮ ರಾಜ್ಯ 2025ರಲ್ಲಿ ಅದರ ವಿರುದ್ಧ ಕಾನೂನು ತಂದಿತು. ಒಳ್ಳೆಯದೇ. ಆದರೆ ಹೆಂಗಸರು ಅವರ ಹತ್ತಿರ ಯಾಕೆ ಹೋದರು ಎಂದು ಕೇಳಿದವರು ಕಡಿಮೆ. ಬ್ಯಾಂಕಿನ ಕಿಟಕಿಯಲ್ಲಿ ಮಾನ ಸಿಗದ್ದಕ್ಕೆ ಹೋದರು.

ನನಗೆ ಹೆಚ್ಚು ಸಿಟ್ಟು ಬರಿಸುವ ಸಂಗತಿ ಎಂದರೆ, ಅಣ್ಣನಿಂದ ಕೇಳಿದ ಕಾಗದಗಳಲ್ಲಿ ಹಲವು ಬೇಕಾಗಿಯೇ ಇರಲಿಲ್ಲ. ಊರಿನ ಎಲ್ಲ ಬ್ಯಾಂಕುಗಳಿಂದ ಬೇಬಾಕಿ ಪತ್ರ ತಾ ಎಂದು ಅವನನ್ನು 2016ರಲ್ಲಿ ಅಲೆದಾಡಿಸಿದರು. ಹಳ್ಳಿ ಮತ್ತು ಸಣ್ಣ ಊರುಗಳ ಸಾಮಾನ್ಯ ಸಾಲಗಾರರಿಂದ ಅದನ್ನು ಕೇಳಬೇಕಿಲ್ಲ ಎಂದು ರಿಸರ್ವ್ ಬ್ಯಾಂಕು 2015ರಲ್ಲೇ ಹೇಳಿತ್ತು. ಒಂದು ಲಕ್ಷದವರೆಗಿನ ಕೃಷಿ ಸಾಲಕ್ಕೆ ಆಗ ಯಾವ ಅಡವೂ ಬೇಕಿರಲಿಲ್ಲ. ಅವನ ಹೊಲದ ಕಾಗದಕ್ಕೆ ವಕೀಲರ ಅಭಿಪ್ರಾಯ ಮಾಡಿಸಿದರು. ನಿಯಮ ಇಂಗ್ಲಿಷಿನಲ್ಲಿತ್ತು, ಕಪಾಟಿನಲ್ಲಿತ್ತು. ಕಪಾಟಿನ ಕೀಲಿ ಯಾರ ಕೈಯಲ್ಲಿತ್ತೋ ಅವರೇ ಬೇಡದ ಕಾಗದ ಕೇಳುತ್ತಿದ್ದರು. ಬೇಡದ ಒಂದೊಂದು ಕಾಗದವೂ ಏಜಂಟನಿಗೆ ಒಂದೊಂದು ಮೆಟ್ಟಿಲು.

ಆದ್ದರಿಂದ ಗೆಳತಿಯರೇ, ನಾವು ಪೇಟೆಯ ಹೆಂಗಸರು ಏನು ಮಾಡಬಹುದು ಎಂದು ಕೇಳಿದರೆ ನನ್ನ ಉತ್ತರ ದೊಡ್ಡದಲ್ಲ. ಮೊದಲು ಈ ನಿಯಮಗಳನ್ನು ತಿಳಿದುಕೊಳ್ಳೋಣ, ಮನೆಗೆಲಸಕ್ಕೆ ಬರುವವಳಿಗೆ, ಹಾಲಿನವನಿಗೆ, ತವರಿನ ಅಣ್ಣನಿಗೆ ಹೇಳೋಣ. 2025ರ ಜನವರಿ 1ರಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಅಡವು ಬೇಕಿಲ್ಲ. ಅರ್ಜಿ ಕೊಟ್ಟರೆ ಬ್ಯಾಂಕು ಪಾವತಿ ಕೊಡಬೇಕು. ಪಾವತಿ ಇಲ್ಲದೆ ಅರ್ಜಿ ಕೊಡಬೇಡಿ. ಸಣ್ಣ ರೈತನ ಅಲ್ಪಾವಧಿ ಸಾಲದಲ್ಲಿ ಬಡ್ಡಿ ಅಸಲನ್ನು ಮೀರಬಾರದು. ಬ್ಯಾಂಕು ಕೇಳಿಸಿಕೊಳ್ಳದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಫೋನು 14448. ಇವಿಷ್ಟನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು ಪ್ರತಿ ಶಾಖೆಯ ಬಾಗಿಲಲ್ಲೇ ಹಾಕಬೇಕು. ಯಾವ ತಾರೀಖಿಗೆ ಯಾರ ಅರ್ಜಿ ಬಂತು, ಯಾವ ತಾರೀಖಿಗೆ ಏನಾಯಿತು ಎಂಬ ಯಾದಿಯನ್ನು ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ರೇಷನ್ ಅಂಗಡಿಯಲ್ಲಿ ದರಪಟ್ಟಿ ಹಾಕಿಸುವುದು ಸಾಧ್ಯವಾದರೆ ಇದೂ ಸಾಧ್ಯ. ಇದನ್ನು ಕೇಳುವ ಹಕ್ಕು ನಮಗೂ ಇದೆ. ಆ ಬ್ಯಾಂಕಿನಲ್ಲಿ ಇಟ್ಟ ಠೇವಣಿ ನಮ್ಮದು, ಸಾಲವಾಗಿ ಹೋಗುವುದು ನಮ್ಮ ದುಡ್ಡು. ನಮ್ಮ ಉಳಿತಾಯವನ್ನು ಬಡವನಿಗೆ ಕೊಡುವಾಗ ನಡುವೆ ಯಾರೋ ಕೈ ತೊಳೆದುಕೊಂಡರೆ ಅದು ನಮ್ಮ ವಿಷಯವಲ್ಲವೆ?

ಎರಡನೆಯದು ಇನ್ನೂ ಕಷ್ಟದ್ದು. ನಮ್ಮ ಮಕ್ಕಳು, ಸೊಸೆಯಂದಿರು ಬ್ಯಾಂಕಿನ ಪರೀಕ್ಷೆ ಪಾಸಾದಾಗ ನಾವು ಪೇಢೆ ಹಂಚುತ್ತೇವೆ. ಹಂಚೋಣ. ಆದರೆ ಅವರ ಮನೆಯ ಪಡಸಾಲೆಯಲ್ಲಿ ಚೀಲ ಕಂಡಾಗ, ಇದು ಎಲ್ಲಿಂದ ಬಂತು ಎಂದು ಅಡಿಗೆಮನೆಯಿಂದಲೇ ಕೇಳಬೇಕು. ನಾನು ಕೇಳಲಿಲ್ಲ.

ನಮ್ಮ ಮನೆಯವರು 2008ರಲ್ಲಿ ವರ್ಗವಾಗಿ ಕೃಷಿ ಸಾಲದ ಕೆಲಸ ಬಿಟ್ಟರು, 2022ರಲ್ಲಿ ನಿವೃತ್ತರಾದರು. ಕೆಲಸ ಬಿಟ್ಟ ವರ್ಷದ ಭಾದ್ರಪದದಲ್ಲೇ ನಮ್ಮ ಪಡಸಾಲೆ ಖಾಲಿ. ಒಂದೇ ಒಂದು ಚೀಲವೂ ಬರಲಿಲ್ಲ. ನಿಜವಾದ ಪ್ರೀತಿಯಾಗಿದ್ದರೆ ಹನ್ನೊಂದು ಮನೆಗಳಲ್ಲಿ ಒಂದು ಮನೆಯವರಿಗಾದರೂ ನಮ್ಮ ನೆನಪಾಗುತ್ತಿತ್ತು. ಅವರು ಮರೆತದ್ದು ತಪ್ಪೆಂದು ಆಗ ನಾನು ಗೊಣಗಿದ್ದೂ ಉಂಟು. ಹತ್ತು ವರ್ಷ ಕಳೆದು ವೈನಿಯ ಖಾಲಿ ಕೈ ನೋಡಿದಾಗಲೇ ಆ ಚೀಲಗಳ ತೂಕ ನನಗೆ ತಿಳಿದದ್ದು.

ಈಗ ತಿಂಗಳ ಮೊದಲ ಮತ್ತು ಮೂರನೆಯ ಶನಿವಾರ, ಬ್ಯಾಂಕಿಗೆ ರಜೆ ಇಲ್ಲದ ದಿನ, ಬೆಳಗಿನ ಶಾಲೆ ಮುಗಿಸಿಕೊಂಡು ನಾನು ಶಾಖೆಯ ಬೆಂಚಿನ ಮೇಲೆ ಹೋಗಿ ಕೂರುತ್ತೇನೆ. ನನ್ನ ವಿದ್ಯಾರ್ಥಿಗಳ ತಂದೆತಾಯಿಯರ ಅರ್ಜಿ ತುಂಬಿಕೊಡುತ್ತೇನೆ, ಪಾವತಿ ಕೇಳಿ ಇಸಿದುಕೊಡುತ್ತೇನೆ. ಮೊದಮೊದಲು ಕಿಟಕಿಯವರು ಪಾವತಿ ಪುಸ್ತಕ ಮುಗಿದಿದೆ ಎಂದರು. ನಾನು ಬಿಳಿಹಾಳೆಯ ಮೇಲೆ ಬರೆದು, ಸಿಕ್ಕಾ ಹಾಕಿಕೊಡಿ ಎಂದೆ. ಎರಡು ಸಲ ವಾದವಾಯಿತು, ಮೂರನೆಯ ಸಲ ಪುಸ್ತಕ ಸಿಕ್ಕಿತು. ಮೊದಲ ವರ್ಷ ಹದಿನಾಲ್ಕು ಅರ್ಜಿ ತುಂಬಿದೆ. ಒಂಬತ್ತು ಜನಕ್ಕೆ ಏಜಂಟನಿಲ್ಲದೆ ಸಾಲ ಬಂತು. ಮೂವರದು ಉತಾರದ ಹೆಸರಿನ ತಕರಾರಿನಲ್ಲಿ ನಿಂತಿದೆ. ಇಬ್ಬರು ತಡ ತಾಳಲಾರದೆ ಚಹಾದಂಗಡಿಗೇ ಹೋದರು. ಅವರನ್ನು ನಾನು ಬೈಯಲಾರೆ. ಬಿತ್ತುವ ಹದ ಅರ್ಜಿಗಾಗಿ ಕಾಯುವುದಿಲ್ಲ.

ಕಳೆದ ಸುಗ್ಗಿಯಲ್ಲಿ ಆ ಒಂಬತ್ತರಲ್ಲಿ ಒಬ್ಬಾಕೆ ಸೆರಗಿನಲ್ಲಿ ಶೇಂಗಾ ಕಟ್ಟಿಕೊಂಡು ಮನೆಗೆ ಬಂದಳು. ಅವಳನ್ನು ಒಳಗೆ ಕರೆದು ಕೂರಿಸಿದೆ. ಸಂತೆಯಲ್ಲಿ ಆ ದಿನದ ದರ ಎಷ್ಟೆಂದು ಕೇಳಿ, ತೂಗಿ, ರೊಕ್ಕ ಕೊಟ್ಟೆ. "ಇದೇನ್ರೀ ಅಕ್ಕಾರ, ಪ್ರೀತಿಲೆ ತಂದೇನಿ" ಎಂದು ಅವಳು ಮುಖ ಸಣ್ಣದು ಮಾಡಿಕೊಂಡಳು. ಬಹುಶಃ ಅವಳದು ನಿಜವಾದ ಪ್ರೀತಿಯೇ ಇದ್ದೀತು. ಆದರೂ ತಗೋ ಎಂದೆ. ನನ್ನ ಹಳೆಯ ಬಾಕಿ ಇನ್ನೂ ಬಹಳ ಇದೆ.